ಸಾಹೇಬರು ಗ್ರೈಂಡರ್ ಕಲಿತದ್ದು

ಹುಬ್ಬಳ್ಳಿಯ ಕಂಪನಿಯೊಂದು ನೆರೆದೇಶದ ಹೋಟೆಲಿಗೆ ರೊಟ್ಟಿ ಯಂತ್ರ ಮಾರಿತು. ಜೋಡಿಸಿಕೊಡಲು ಹೋದವಳು ಕಂಪನಿಯ ಫಿಟ್ಟರ್ ಹೆಂಗಸು. ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದದಂತೆ ಅವಳಿಗೆ ತಾತ್ಕಾಲಿಕ ಕೆಲಸದ ಪರವಾನಗಿ ಸಿಕ್ಕಿತ್ತು. ಕಂಪನಿಯ ಯಂತ್ರ ಜೋಡಿಸಬಹುದು, ಅಲ್ಲಿಯವರಿಗೆ ಕೆಲಸ ಕಲಿಸಬಹುದು. ಬೇರೆ ಯಾವುದನ್ನು ರಿಪೇರಿ ಮಾಡಿದರೂ ಪರವಾನಗಿ ರದ್ದು, ನೌಕರಿಯೂ ಹೋದಂತೆ.

ಅವಳು ಬಂದಿಳಿದ ಮರುದಿನವೇ ಪರವಾನಗಿ ಅಧಿಕಾರಿ ತನ್ನ ಮನೆಗೆ ಕರೆಸಿದ. ಅಡುಗೆಮನೆಯಲ್ಲಿ ಗ್ರೈಂಡರ್ ಕೆಟ್ಟು ಕೂತಿತ್ತು.

"ಇದನ್ನು ಸರಿಮಾಡು. ಇಲ್ಲದಿದ್ದರೆ ನಾಳೆಯೇ ವಾಪಸ್ ಕಳಿಸ್ತೀನಿ."

ಹಿಂದೆ ಬಂದಿದ್ದ ಕಂಪನಿಯ ಫಿಟ್ಟರನಿಂದ ಫ್ಯಾನು ಸರಿಮಾಡಿಸಿಕೊಂಡು, ಹೊರಗೆ ಬಾಯಿಬಿಟ್ಟಾನೆಂದು ನಿಯಮ ತೋರಿಸಿ ಓಡಿಸಿದವನೂ ಇವನೇ. ಆ ಫ್ಯಾನು ಈಗಲೂ ತಲೆಯ ಮೇಲೆ ತಿರುಗುತ್ತಿತ್ತು.

ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟು ಅವಳು ಅಂದಳು, "ರಿಪೇರಿ ಮಾಡಾಕ ನನಗ ಪರವಾನಗಿ ಇಲ್ರೀ ಸಾಹೇಬ್ರ. ಕಲಿಸಾಕ ಐತಿ. ಬೂಟು ಬಿಚ್ಚಿ ಕೆಳಗ ಕುಂದರ್ರಿ, ಮಷಿನ್‌ಗೆ ಕೈ ಮುಗೀರಿ. ಹಂಗ ಮಾಡದ ನಮ್ಮ ಕಡೆ ಯಾರೂ ಪಾನಾ, ಸ್ಪ್ಯಾನರ್ ಹಿಡಿಯೂದಿಲ್ಲ."

"ನಾನು ಕಲೀಬೇಕಾ?" ಅಧಿಕಾರಿ ಗುಡುಗಿದ.

"ಇಲ್ಲದಿದ್ದರೆ ಹಿಟ್ಟು ಕೈಯಲ್ಲೇ ರುಬ್ಬಿ," ಎಂದಳು ಒಲೆಯ ಬಳಿ ನಿಂತಿದ್ದ ಅವನ ಹೆಂಡತಿ.

ಅವನು ಬೂಟು ಬಿಚ್ಚಿದ, ಕೈ ಮುಗಿದ. ಫಿಟ್ಟರ್ ಹೆಂಗಸು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. "ಎಡಕ್ಕ ತಿರುವ್ರಿ. ಅಯ್ಯ, ಅದು ಬಲಕ್ಕಾತು!" ಸಾಹೇಬರ ಮೀಸೆಗೆಲ್ಲ ಗ್ರೀಸು. ಕೊನೆಗೆ ಗ್ರೈಂಡರ್ ತಿರುಗಿತು.

ಅವನು ಕಣ್ಣು ಕೆಂಪಗೆ ಮಾಡಿದ. "ರಿಪೇರಿ ಮಾಡಿದ್ದು ನೀನೇ ಅಂತ ನಾನು ವರದಿ ಬರೆದರೆ?"

ಅವಳು ಗ್ರೀಸು ತಾಗದ ಬಿಳಿ ಅಂಗೈಗಳನ್ನು ಚಾಚಿದಳು. "ಯಾರ ಕೈ ಕರ್ರಗ ಅದಾವ್ರಿ?"

ಹೆಂಡತಿ ಗಂಡನ ಕೈ ನೋಡಿ ಕಿಸಕ್ಕನೆ ನಕ್ಕಳು. "ಬೂಟು ಹಾಕ್ಕೋಬೇಡಿ. ಬಚ್ಚಲಮನೆ ನಲ್ಲಿಯೂ ಸೋರ್ತಾ ಇದೆ."