ಕೆಂಪು ಕಾರಿನ ಹೊಸ ಎಂಜಿನ್

ಧರಣೇಂದ್ರಯ್ಯನವರ ಮನೆಯ ಶೆಡ್ಡಿನಲ್ಲಿ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದಿತ್ತು. ಅವರು ತಿಂಗಳುಗಟ್ಟಲೆ ಮೈಕೈ ಮಸಿ ಮಾಡಿಕೊಂಡು ಅದರ ಸುಸ್ತಾದ ಎಂಜಿನ್ ಇಳಿಸಿ, ಎರಡು ಪಟ್ಟು ಬಲದ ಬೇರೊಂದನ್ನು ಕೂರಿಸಿದರು. ಕಾರಿಗೆ ಹಿಗ್ಗೋ ಹಿಗ್ಗು! ಹೂವಿನ ಹಾರ ಬಿತ್ತು, ಕುಂಕುಮ ಹಚ್ಚಿದ್ದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದೂ ಆಯಿತು.

ಆಗ ಹಳೆಯ ಬ್ರೇಕು ಹೇಳಿತು: "ಅಕ್ಕಾ, ತಾಳು. ನಾನು ಹಳೆಯ ಎಂಜಿನ್ನಿನ ಅಳತೆಗೆ ಬಂದವನು. ಈ ಹೊಸಬನನ್ನು ಹಿಡಿಯುವುದು ನನ್ನ ಕೈಲಾಗದು. ಯಜಮಾನರು ನನ್ನನ್ನೂ ಬದಲಾಯಿಸುವ ತನಕ ಸ್ಟಾರ್ಟ್ ಆಗಬೇಡ."

"ಪೂಜೆಯ ಹೊತ್ತಿನಲ್ಲಿ ಅಪಶಕುನ ನುಡಿಯಬೇಡ!" ಎಂದು ಕಾರು ಗದರಿತು. "ಇಂಥ ದಿನ ನಿಲ್ಲುವ ಮಾತು ಯಾರಿಗೆ ಬೇಕು?"

ಕೀಲಿ ತಿರುಗಿತು. ಎಂಜಿನ್ ಗುಡುಗಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ಗೇಟು ದಾಟಿ ಚಿಮ್ಮಿತು. ಧರಣೇಂದ್ರಯ್ಯನವರು ಎರಡೂ ಕಾಲಲ್ಲಿ ಬ್ರೇಕ್ ಒತ್ತಿದರೂ ಕೇಳದೆ, ಎದುರುಮನೆಯವರು ಕಾಂಪೌಂಡ್ ಗೋಡೆ ಕಟ್ಟಲು ಸುರಿಸಿದ್ದ ಮರಳಿನ ರಾಶಿಗೆ ಮೂತಿ ಹೂತು ನಿಂತಿತು.

ಮರಳು ಉಗುಳುತ್ತಲೇ ಕಾರು ಕೇಕೆ ಹಾಕಿತು: "ನನ್ನ ಓಟ ನೋಡಿದೆಯೇನೋ? ಕೈಲಾಗದು ಅಂದೆಯಲ್ಲ, ಕೊನೆಗೂ ನಿಲ್ಲಿಸಿದೆ!"

"ನಿಲ್ಲಿಸಿದ್ದು ನಾನಲ್ಲ ಅಕ್ಕಾ, ಮರಳು" ಎಂದಿತು ಬ್ರೇಕು. "ಮುಂದಿನ ಸಲ ಅಲ್ಲಿ ಗೋಡೆ ಇರುತ್ತದೆ."