ಎರಕದ ಮನೆಯ ಜಗಳ

ಮಠದ ಪಾಠಶಾಲೆಯ ಹೊಣೆ ಹೊತ್ತ ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ಕೂಡಿ ಕೆಲಸ ಮಾಡುವವರಲ್ಲಿ ಯಾರಿಗೆ ಯಾರು ಬೇಕಾದವರು, ಯಾರಿಗೆ ಯಾರು ಆಗದವರು ಎಂದು ತಿಳಿದುಕೊಂಡರೆ ಸಾಲದೇ? ಆಗದವರನ್ನು ಬೇರೆ ಬೇರೆ ಇರಿಸಿ ಸಂಸ್ಥೆಯನ್ನು ನಡೆಸಬಹುದಲ್ಲವೇ?"

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿಗೆ ಗಂಟೆಗಳನ್ನು ಎರಕ ಹೊಯ್ಯುವ ಕಾರ್ಖಾನೆಯಿತ್ತು. ತಂದೆ ತೀರಿಕೊಂಡ ಮೇಲೆ ಅದು ಅವನ ಕೈಗೆ ಬಂದಿತ್ತು. ಕೆಲಸದವರು ಹಲವರು. ಅವರನ್ನು ಅರಿಯಬೇಕೆಂದು ಅವನು ಅಟ್ಟದ ಕಿಟಕಿಯಲ್ಲಿ ಕುಳಿತು ನೋಡತೊಡಗಿದ. ಯಾರು ಯಾರ ಜೊತೆ ಬುತ್ತಿ ಬಿಚ್ಚುತ್ತಾರೆ, ಯಾರು ಯಾರನ್ನು ಕಂಡರೆ ಮುಖ ತಿರುಗಿಸುತ್ತಾರೆ, ಎಲ್ಲವನ್ನೂ ಗಮನಿಸಿದ. ಗೋಡೆಯ ಮೇಲೆ ಒಬ್ಬೊಬ್ಬರಿಗೂ ಒಂದು ಬೊಟ್ಟು ಇಟ್ಟ. ಸ್ನೇಹಕ್ಕೆ ಕೆಮ್ಮಣ್ಣಿನ ಗೆರೆ, ಹಗೆಗೆ ಇದ್ದಿಲ ಗೆರೆ ಎಳೆದ.

ಎಲ್ಲಕ್ಕಿಂತ ಕಪ್ಪಾದ ಗೆರೆ ಮಣ್ಣಿನ ಅಚ್ಚು ಮಾಡುವವನಿಗೂ ಕಂಚು ಸುರಿಯುವವನಿಗೂ ನಡುವೆ ಬಿತ್ತು. ಅವರಿಬ್ಬರು ಜಗಳವಾಡದ ದಿನವಿರಲಿಲ್ಲ. ವ್ಯಾಪಾರಿ ಸುರಿಯುವವನನ್ನು ಹಿತ್ತಲಿಗೆ, ಗಂಟೆ ಉಜ್ಜಿ ಹೊಳಪು ಕೊಡುವ ಕೆಲಸಕ್ಕೆ ಕಳಿಸಿದ. ಅವನ ಜಾಗಕ್ಕೆ ಅಚ್ಚು ಮಾಡುವವನ ಆಪ್ತ ಗೆಳೆಯನನ್ನು ತಂದ. ಅವನೂ ಎರಕ ಬಲ್ಲವನೇ. ಜಗಳ ನಿಂತಿತು. ಗೆಳೆಯರು ನಗುನಗುತ್ತ ಕೆಲಸ ಮಾಡಿದರು. ವ್ಯಾಪಾರಿಗೆ ತನ್ನ ಜಾಣತನದ ಮೇಲೆ ಹೆಮ್ಮೆಯಾಯಿತು.

ಮಳೆಗಾಲ ಬಂತು. ದೊಡ್ಡದೊಂದು ಗಂಟೆಗೆ ಕಂಚು ಸುರಿಯುವಾಗ ಅಚ್ಚು ಸಿಡಿಯಿತು. ಕುದಿಯುವ ಕಂಚು ಗೆಳೆಯನ ಮುಖಕ್ಕೆ ಹಾರಿತು. ಮೊದಲು ಓಡಿಬಂದವನು ಹಿತ್ತಲಿಗೆ ಹೋಗಿದ್ದವನೇ. ಬೆಂದವನನ್ನು ಹೆಗಲ ಮೇಲೆ ಹೊತ್ತು ವೈದ್ಯರ ಮನೆಗೆ ಓಡಿದ. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಅಚ್ಚು ಮಾಡುವವನು ಗೋಡೆಗೊರಗಿ ಕುಳಿತಿದ್ದ. ವ್ಯಾಪಾರಿ ಕೇಳಿದ: "ಅಚ್ಚು ಹಸಿಯಾಗಿದ್ದುದರಿಂದಲೇ ಸಿಡಿದಿದೆ. ಅದು ಯಾರಿಗೂ ತಿಳಿಯಲಿಲ್ಲವೇ?"

"ನನ್ನ ಗೆಳೆಯನಿಗೆ ತಿಳಿದಿತ್ತು ಧಣಿ. ಅಚ್ಚು ಮುಟ್ಟಿದ, ನನ್ನ ಮುಖ ನೋಡಿದ. ನನಗೆ ಬೇಸರವಾದೀತೆಂದು ಸುಮ್ಮನಾದ. ನೀವು ಹಿತ್ತಲಿಗೆ ಕಳಿಸಿದಿರಲ್ಲ, ಅವನಾಗಿದ್ದರೆ 'ಇನ್ನೂ ಒಣಗಿಲ್ಲ, ನಾನು ಸುರಿಯುವುದಿಲ್ಲ' ಎಂದು ಹೊಡೆದಾಟಕ್ಕೇ ನಿಲ್ಲುತ್ತಿದ್ದ. ನಾವು ದಿನವೂ ಕಿತ್ತಾಡುತ್ತಿದ್ದುದು ಅದಕ್ಕೇ."

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನು ಎಳೆದ ಗೆರೆಗಳೇ ತಪ್ಪಾಗಿದ್ದವೇ?"

ಗುರು ಹೇಳಿದರು: "ಇಲ್ಲ, ಅವರ ಜಗಳವನ್ನು ಅವನು ನೋಡಿದ, ಕೇಳಿಸಿಕೊಳ್ಳಲಿಲ್ಲ."