ಕೂಸಿನ ಮೊದಲ ಮಾತು ಯಾರದು

ಸಣ್ಣೀರವ್ವನ ಮೊಮ್ಮಗಳಿಗೆ ಎರಡು ವರ್ಷ ತುಂಬುತ್ತಾ ಬಂದರೂ ಬಾಯಲ್ಲಿ ಮಾತಿಲ್ಲ. ಮಾತು ಬರಲೆಂದು ದಿನಾ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಸವರುತ್ತಿದ್ದ ಅಜ್ಜಿಗೆ ಸಾಕಾಗಿಹೋಗಿ, “ಯುಗಾದಿಯೊಳಗೆ ಕೂಸು ಮಾತಾಡದಿದ್ದರೆ ನಿನ್ನನ್ನು ತಿಪ್ಪೆಗೆ ಎಸೆಯುತ್ತೇನೆ” ಎಂದು ಬಜೆಗೆ ಹೇಳಿಯೇಬಿಟ್ಟಳು.

ಇಷ್ಟಾದರೂ ಬಜೆಯ ಜಂಬ ಇಳಿಯಲಿಲ್ಲ. “ಈ ಊರಿನವರ ಬಾಯಿಗೆಲ್ಲ ಮಾತು ಕಲಿಸಿದವಳು ನಾನು” ಎಂದಿತು.

“ಸುಮ್ಮನಿರಮ್ಮ, ಮೀನಿಗೆ ಈಜು ಕಲಿಸಿದೆ ಅನ್ನುವ ಜಾತಿ ನಿನ್ನದು” ಎಂದು ತೊಟ್ಟಿಲು ನಕ್ಕಿತು. “ಮಾತು ತಾಯಿಯ ಹೊಟ್ಟೆಯಿಂದಲೇ ಬರುತ್ತದೆ. ಮೂರು ತಲೆಮಾರು ತೂಗಿದವನಿಗೆ ಗೊತ್ತಿಲ್ಲವೇ?”

ಅಷ್ಟರಲ್ಲಿ ಕೂಸು ಅಜ್ಜಿಯ ಮುಖ ನೋಡಿ ಮುದ್ದುಮುದ್ದಾಗಿ, “ಮುದಿಗೂಬೆ” ಎಂದಿತು.

ಅಜ್ಜಿ ಕಣ್ಣು ಕೆಕ್ಕರಿಸಿ, “ಇದನ್ನು ಕಲಿಸಿದವರು ಯಾರು?” ಎಂದಳು.

“ಕಲಿಸುವುದೆಲ್ಲಿ ಬಂತವ್ವ, ಮಾತು ಹುಟ್ಟುತ್ತಲೇ ಬರುತ್ತದಂತೆ. ತೊಟ್ಟಿಲಣ್ಣನನ್ನೇ ಕೇಳು” ಎಂದಿತು ಬಜೆ.

“ಛೆ, ಕಲಿಸದೆ ಮಾತು ಬರುತ್ತದೆಯೇ? ನಾಲಿಗೆಗೆ ಹತ್ತಿದ್ದು ಇವಳೇ” ಎಂದಿತು ತೊಟ್ಟಿಲು.

ಬಜೆ ಆವತ್ತೇ ತಿಪ್ಪೆ ಸೇರಿತು. ದಿನಾ ಒಲೆಯ ಮುಂದೆ ಅತ್ತೆಗೆ ಅದೇ ಹೆಸರಿಟ್ಟು ಗೊಣಗುತ್ತಿದ್ದ ಸೊಸೆ, ಹುಟ್ಟುಮೂಗಿಯ ಹಾಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.